ಮೇಳದ ವಹಿ

ನಾನು ಕಲಿತದ್ದು ಜತ್ತ ತಾಲೂಕಿನ ನಮ್ಮೂರ ಕನ್ನಡ ಸಾಲಿಯೊಳಗೆ, ಏಳನೇ ಇಯತ್ತೆ ತನಕ. ಆಮೇಲೆ ಹೊಲ, ಜೋಳ, ಎತ್ತು, ಡೊಳ್ಳಿನ ಹಾಡು. ವಾಚನಾಲಯದ ಹುಡುಗರು ಬಂದು "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಏನರ ಬರದು ಕೊಡ್ರಿ" ಅಂದರು. ಹಾಡಿನ ಬಗ್ಗೆ ಬರೆಯೋಣ ಅಂತ ಕುಂತೆ. ಬರೆಯುತ್ತಾ ಹೋದಂಗ ಅದು ನನ್ನ ಸಣ್ಣ ಮಗಳ ಕಂಪ್ಯೂಟರ್ ಕೆಲಸದ ಕಡೆ ತಿರುಗಿತು. ಯಾಕಂದ್ರ ಹಾಡಿನಲ್ಲಿ ನಾನು ಮಾಡಿದ ಒಂದು ತಪ್ಪು ನನಗೆ ತಿಳಿದದ್ದು ಅವಳ ಕೆಲಸ ನೋಡಿದ ಮೇಲೆಯೇ.

ನಮ್ಮ ಮೇಳಕ್ಕೆ ಒಂದು ವಹಿ ಐತಿ. ಕೆಂಪು ಬಟ್ಟೆ ಸುತ್ತಿದ ರಟ್ಟಿನ ವಹಿ. ನಮ್ಮ ಗುರುಗಳು ಕಟ್ಟಿದ ಹಾಡು, ಅವರ ಹಿಂದಿನವರದು, ನಾನು ಕಟ್ಟಿದ್ದು, ಎಲ್ಲಾ ಅದರೊಳಗೇ ಅದಾವು. ವಹಿ ಒಂದು, ಹಾಡವರು ಎಂಟು ಹತ್ತು ಮಂದಿ. ಮುಂದೆ ನಿಂತು ನುಡಿ ಎತ್ತುವವನು ನಾನು. ಹಿಂದೆ ನಿಂತು ಅದನ್ನು ಹಿಡಿಯುವವರು ಹಿಮ್ಮೇಳದವರು. ಅವರೊಳಗೆ ಹಿರಿಯರಾದವರು ನನಗೆ ವರಸೆಯಿಂದ ಮಾವ ಆಗಬೇಕು. ನಾನು ಸಾಲು ಮುಗಿಸುವ ಮೊದಲೇ ಅವರು ಉಸಿರು ಎಳೆದುಕೊಂಡು ತಯಾರಿರುತ್ತಿದ್ದರು. ಮುಂದೆ ಬರುವ ಮಾತು ಯಾವುದು ಅಂತ ಹಿಮ್ಮೇಳಕ್ಕೆ ಖಾತ್ರಿ ಇರಬೇಕು. ಡೊಳ್ಳಿನ ಪೆಟ್ಟು ಬೀಳುವುದೂ ಅದೇ ಖಾತ್ರಿಯ ಮೇಲೆ.

ಹದಿನೈದು ವರ್ಷದ ಹಿಂದಿನ ಮಾತು. ಬೀರಪ್ಪನ ಜಾತ್ರಿ, ರಾತ್ರಿ ಎರಡು ಮೇಳದ ಹಾಡಿಕೆ. ಹಿಂದಿನ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ. ಗುರುಗಳ ಹಾಡಿನ ಮೂರನೇ ನುಡಿ ಯಾಕೋ ಸಪ್ಪಗ ಕಂಡಿತು. ಎದ್ದು ದೀಪ ಹಚ್ಚಿ, ಬ್ಲೇಡಿನಿಂದ ಹಳೆ ಸಾಲು ಕೆರೆದು, ಅದೇ ಜಾಗದಲ್ಲಿ ಹೊಸದು ಬರೆದೆ. ಚಲೋನೇ ಆಗಿತ್ತು. ಈಗಲೂ ಚಲೋ ಅಂತಲೇ ಅಂತೀನಿ. ಮುಂಜಾನೆ ಇಬ್ಬರು ಹುಡುಗರಿಗೆ ಹೇಳಿಕೊಟ್ಟೆ. ಮಾವ ಕುರಿ ಹಿಂದೆ ಹೋಗಿದ್ದರು. ಬಂದ ಮೇಲೆ ಹೇಳಿದರಾತು ಅಂದುಕೊಂಡು ಜಾತ್ರಿಯ ಗದ್ದಲದೊಳಗೆ ಮರೆತುಬಿಟ್ಟೆ.

ರಾತ್ರಿ ನಾನು ಹೊಸ ನುಡಿ ಎತ್ತಿದೆ. ಹುಡುಗರು ಹೊಸದು ಹಿಡಿದರು, ಮಾವ ಹಳೆಯದು ಹಿಡಿದರು. ತಾಳ ಒಂದು ಕಡೆ, ಡೊಳ್ಳು ಒಂದು ಕಡೆ. ಎದುರು ಮೇಳದವರು ನಕ್ಕರು, ಮಂದಿ ಸೀಟಿ ಹೊಡೆದರು. ನಾನು ಅಲ್ಲೇ, ಅಷ್ಟು ಮಂದಿಯ ಮುಂದೆ, "ಮಾವಾ, ವಯಸ್ಸಾತು, ನಿಮಗ ಮರವು ಬಂತು" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ತಾಳ ಕೆಳಗಿಟ್ಟು ಎದ್ದು ಹೋದರು. ಮತ್ತೆ ಮೇಳಕ್ಕೆ ಬರಲಿಲ್ಲ.

2020ರಲ್ಲಿ ಲಾಕ್‌ಡೌನ್ ಬಿತ್ತು. ಪುಣೆಯಲ್ಲಿ ಕೆಲಸ ಮಾಡುವ ಮಗಳು ಊರಿಗೆ ಬಂದಳು. ಮನೆಯೊಳಗೆ ರೇಂಜ್ ಸಿಗದೆ ಮಾಳಿಗೆ ಮೇಲೆ ಕುಂತು ನಡುರಾತ್ರಿ ತನಕ ಲ್ಯಾಪ್‌ಟಾಪ್ ಒತ್ತುತ್ತಿದ್ದಳು. ನಾನೂ ತಂಪಿಗೆ ಮೇಲೆಯೇ ಮಲಗುತ್ತಿದ್ದೆ. "ಏನದು ಯವ್ವಾ ಅಷ್ಟು ಕೆಲಸ?" ಅಂತ ಒಂದು ದಿನ ಕೇಳಿದೆ.

"ನಿಮ್ಮ ಮೇಳದ ವಹಿ ಇಲ್ಲೇನಪಾ, ಹಂಗ ನಮಗೂ ಒಂದು ವಹಿ ಐತಿ. ರಿಪಾಜಿಟರಿ ಅಂತಾರ. ಕಂಪ್ಯೂಟರ್‌ಗೆ ಹೇಳೋ ಮಾತೆಲ್ಲಾ ಅದರಾಗ ಬರೀತೀವಿ. ನಾವು ನಲವತ್ತು ಮಂದಿ ಅದರಾಗೇ ಬರಿಯೋರು, ಅಳಸೋರು."

ನಲವತ್ತು ಮಂದಿ ಒಂದು ವಹಿಯೊಳಗೆ ಬರೆದರೆ ಕಲಸುಮೇಲೋಗರ ಆಗೋದಿಲ್ಲೇನು ಅಂದೆ. ಅದಕ್ಕೇ ಗಿಟ್ ಅಂತ ಒಂದು ಸಾಧನ ಐತಿ ಅಂದಳು. ಅದನ್ನು 2005ರಲ್ಲಿ ಮಾಡಿದವನು ಫಿನ್‌ಲ್ಯಾಂಡಿನಲ್ಲಿ ಹುಟ್ಟಿದ ಲಿನಸ್ ಟೋರ್ವಾಲ್ಡ್ಸ್. 1991ರಲ್ಲಿ ಲಿನಕ್ಸ್ ಸುರು ಮಾಡಿದವನೂ ಅವನೇ. ನಮ್ಮ ಕೈಯೊಳಗಿನ ಆಂಡ್ರಾಯ್ಡ್ ಮೊಬೈಲಿನ ತಳದಲ್ಲಿ ಇರುವುದೂ ಲಿನಕ್ಸೇ ಅಂತ.

ಗಿಟ್‌ನಲ್ಲಿ ಪ್ರತಿಯೊಬ್ಬರ ಹತ್ತಿರವೂ ಇಡೀ ವಹಿಯ ಪ್ರತಿ ಇರುತ್ತದೆ. ಒಂದು ಸಾಲು ತಿದ್ದಿದರೂ ಯಾರು ತಿದ್ದಿದರು, ಯಾವಾಗ, ಯಾಕೆ ಅಂತ ದಾಖಲೆ ಉಳಿಯುತ್ತದೆ. ಹಳೆ ಸಾಲು ಹೋಗುವುದಿಲ್ಲ, ಹಿಂದೆ ತಿರುಗಿದರೆ ಸಿಗುತ್ತದೆ. ಹೊಸದು ಮಾಡಿ ನೋಡುವವರು ಬೊಡ್ಡೆಗೆ ಕೈ ಹಚ್ಚದೆ ಬೇರೆ ಟೊಂಗಿ ತೆಗೆದು ಅದರಲ್ಲಿ ಬರೆಯುತ್ತಾರೆ. ಸರಿ ಬಂದರೆ ಬೊಡ್ಡೆಗೆ ಕೂಡಿಸುತ್ತಾರೆ. ಕೂಡಿಸುವಾಗ ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ತಿದ್ದಿದ್ದು ಕಂಡರೆ, ಇದು ಚಲೋ ಅದು ಕೆಟ್ಟದ್ದು ಅಂತ ಯಂತ್ರ ತಾನೇ ಆರಿಸುವುದಿಲ್ಲ. ಎರಡನ್ನೂ ಮುಂದಿಟ್ಟು ನಿಂತುಬಿಡುತ್ತದೆ, ನೀವೇ ಕೂಡಿ ಬಗೆಹರಿಸಿಕೊಳ್ಳಿ ಅಂತ. ಲಿನಕ್ಸಿನಲ್ಲಂತೂ ಪ್ರತಿ ತಿದ್ದುಪಡಿಯ ಕೆಳಗೆ ಬರೆದವರ ಹೆಸರಿನ ಸಹಿ ಇರಲೇಬೇಕು. ನಮ್ಮ ಹಾಡಿನ ಕಡೇ ನುಡಿಯೊಳಗೆ ಕವಿಯ ಅಂಕಿತ ಇದ್ದಂಗ ಅಂದೆ. "ಹೂಂ, ಹಂಗ" ಅಂದಳು.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಬೇರೆ ಮಾತು. ಲಿನಕ್ಸಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊರಗೆ ಬರುತ್ತದೆ. ಮೊದಲ ಎರಡು ವಾರ ಬಾಗಿಲು ತೆರೆದಿರುತ್ತದೆ, ಹೊಸದು ತರುವವರು ಆಗಲೇ ತರಬೇಕು. ಆಮೇಲೆ ಬಾಗಿಲು ಮುಚ್ಚಿತು. ಅಲ್ಲಿಂದ ವಾರಕ್ಕೊಂದು ಕಚ್ಚಾ ಪ್ರತಿ, ಸಾಮಾನ್ಯವಾಗಿ ಏಳು ಸಲ, ಕೆಲವೊಮ್ಮೆ ಎಂಟು. ಆ ವಾರಗಳಲ್ಲಿ ತಪ್ಪು ತಿದ್ದುವುದಷ್ಟೇ ಕೆಲಸ, ಹೊಸ ಅಲಂಕಾರ ಇಲ್ಲ.

"ಯಾರಿಗರ ಭಾಳ ಚಲೋ ವಿಚಾರ ತಡಾ ಮಾಡಿ ಹೊಳದ್ರ?" ಅಂದೆ.

"ಮುಂದಿನ ಸಲಕ್ಕ. ಎರಡು ತಿಂಗಳಿಗೆ ಬಾಗಲಾ ಮತ್ತ ತೆರೀತೈತಲ್ಲ. ಅದು ಖಾತ್ರಿ ಇದ್ದದ್ದಕ್ಕ ಯಾರೂ ನುಗ್ಗಾಡೂದಿಲ್ಲಪಾ."

ಅವತ್ತು ನನಗೆ ನಿದ್ದಿ ಬರಲಿಲ್ಲ. ನಮಗೆ ಜಾತ್ರಿ ವರ್ಷಕ್ಕೆ ಒಂದೇ. ಈ ಸಲ ಹಾಡದಿದ್ದರೆ ಮುಂದಿನ ವರ್ಷ ಯಾರಿರತಾರ, ಯಾರಿಲ್ಲ ಅನ್ನುವ ಅವಸರ. ಆ ಅವಸರವೇ ನನ್ನ ಕೈಗೆ ಬ್ಲೇಡು ಕೊಟ್ಟಿತ್ತು.

ಕೆಲವು ದಿನದ ಮೇಲೆ ಮಗಳು ಮಾಳಿಗೆ ಮೇಲೆ ಅಳುತ್ತಾ ಕುಂತಿದ್ದಳು. ಹಿಂದಿನ ಬಿಡುಗಡೆಯ ಹೊತ್ತಿನಲ್ಲಿ ಒಂದು ತಪ್ಪು ಸಿಕ್ಕಿತ್ತು, ಅಂಗಡಿ ಬಿಲ್ಲಿನ ರೊಕ್ಕ ಎರಡು ಸಲ ಲೆಕ್ಕಕ್ಕೆ ಬೀಳುತ್ತಿತ್ತು. ಬಿಡುಗಡೆಗೆ ಅಂತ ತೆಗೆದಿಟ್ಟ ಟೊಂಗಿಯೊಳಗೆ ಅದನ್ನು ಇವಳು ತಿದ್ದಿದ್ದಳು, ಬೊಡ್ಡೆಯೊಳಗೆ ತಿದ್ದುವುದನ್ನು ಮರೆತಿದ್ದಳು. ಹೊಸ ಬಿಡುಗಡೆಯನ್ನು ಬೊಡ್ಡೆಯಿಂದ ತೆಗೆದರು, ಹಳೆ ತಪ್ಪು ತಿರುಗಿ ಬಂತು. ಲಿನಕ್ಸಿನಲ್ಲಿ ಇದಕ್ಕೇ ಒಂದು ನೇಮ ಮಾಡಿದ್ದಾರಂತೆ. ಬಿಡುಗಡೆಯಾದ ಪ್ರತಿಯೊಳಗೆ ತಿದ್ದಬೇಕಾದ ತಪ್ಪನ್ನು ಮೊದಲು ಬೊಡ್ಡೆಯೊಳಗೆ ತಿದ್ದಿರಬೇಕು, ಆಮೇಲೆ ಇದರೊಳಗೆ.

"ಭಾಳ ಬೈದ್ರೇನು?" ಅಂದೆ.

"ಇಲ್ಲಪಾ. ಮೊದಲ ಹಿಂದಿನ ಪ್ರತಿಗೆ ಮರಳಿ ಹ್ವಾದ್ರು, ಮಂದಿಗೆ ತ್ರಾಸ ನಿಂತಿತು. ಮರುದಿನ ಎಲ್ಲಾರೂ ಕುಂತು, ಯಾರದು ತಪ್ಪು ಅಂತ ಕೇಳಲಿಲ್ಲ. ಈ ತಪ್ಪು ಒಳಗ ಬರಾಕ ದಾರಿ ಎಲ್ಲಿತ್ತು ಅಂತ ಕೇಳಿದ್ರು. ಅದಕ್ಕೇ ಅಳು ಬಂತು."

ಆಗ ನಾನು ಅವಳಿಗೆ ಮಾವನ ಸಂಗತಿ ಹೇಳಿದೆ. ಮನೆಯವರಿಗೂ ಪೂರಾ ಹೇಳಿರಲಿಲ್ಲ. ಕೇಳಿ ಅವಳು ಸುಮ್ಮನೆ ಕುಂತು, ಆಮೇಲೆ ಒಂದೇ ಮಾತು ಕೇಳಿದಳು: "ಮುತ್ಯಾಗ ಮರವು ಬಂದಿರಲಿಲ್ಲಲ್ಲಪಾ?"

ಇರಲಿಲ್ಲ. ವಹಿಯೊಳಗೆ ಇದ್ದದ್ದನ್ನು ನೆನಪಿಟ್ಟವರು ಅವರೊಬ್ಬರೇ. ಮರೆತವನು ನಾನು.

ಜಾತ್ರಿ ಮತ್ತೆ ಸುರುವಾದ ವರ್ಷ ವಹಿ ಹಿಡಿದು ಮಾವನ ಮನೆಗೆ ಹೋದೆ. ಕಟ್ಟೆ ಮೇಲೆ ಕಂಬಳಿ ಹೊದ್ದು ಕುಂತಿದ್ದರು. ತಪ್ಪು ನಂದು ಅಂತ ಹೇಳಿದೆ. ಅವರು ಅದಕ್ಕೇನೂ ಅನ್ನಲಿಲ್ಲ. "ವಹಿ ತಗೀ" ಅಂದರು. ಮೂರನೇ ನುಡಿಯ ಜಾಗ ನೋಡಿದರು. ಕೆರೆದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಗುರುಗಳ ಆ ಸಾಲು ನನಗೆ ಪೂರಾ ನೆನಪಿರಲಿಲ್ಲ. ಗುರುಗಳೂ ಇರಲಿಲ್ಲ.

"ಬರಕೋ" ಅಂದರು. ದನಿ ಒಡೆದಿತ್ತು, ಆದರೂ ಹಾಡಿಯೇ ಹೇಳಿದರು. ನಾನು ಬದಿಗೆ ಬರೆದುಕೊಂಡೆ. ಹೊಸ ಸಾಲನ್ನೂ ಬಿಡು, ಇರಲಿ ಅಂದರು. ಮೇಳಕ್ಕೆ ಮಾತ್ರ ಬರಲಿಲ್ಲ, "ಈಗ ಉಸರು ಸಾಲೂದಿಲ್ಲ" ಅಂದರು. ಹದಿನೈದು ವರ್ಷದ ಹಿಂದೆ ಸಾಲುತ್ತಿತ್ತು.

ಈಗ ನಮ್ಮ ಮೇಳದಲ್ಲಿ ಒಂದು ಕಚ್ಚಾ ವಹಿ ಬೇರೆ ಐತಿ. ಹೊಸ ನುಡಿ ಮೊದಲು ಅದರೊಳಗೆ. ಹಿಮ್ಮೇಳದವರು ಇಬ್ಬರು ಹಾಡಿ ನೋಡಿ ಒಪ್ಪಿದ ಮೇಲೆ ದೊಡ್ಡ ವಹಿಗೆ. ಹಳೆ ಸಾಲನ್ನು ಕೆರೆಯುವಂಗಿಲ್ಲ, ಬದಿಗೆ ಹೆಸರು, ತಾರೀಖು ಹಾಕಬೇಕು. ಜಾತ್ರಿ ಹದಿನೈದು ದಿನ ಇರುವಾಗ ವಹಿಗೆ ಕೆಂಪು ಬಟ್ಟೆ ಸುತ್ತಿ ಗಂಟು ಹಾಕುತ್ತೇವೆ. ಆಮೇಲೆ ಯಾರಿಗೆ ಎಂಥಾ ಸಾಲು ಹೊಳೆದರೂ ಗಂಟು ಬಿಚ್ಚುವುದಿಲ್ಲ. ನುಗ್ಗಾಟ ಆಗಬಾರದು ಅಂತ ಪ್ರತಿ ಅಮಾವಾಸ್ಯೆಗೆ ಗುಡಿಯೊಳಗೆ ಕೂಡಿ ಹಾಡುವ ರೂಢಿ ಹಾಕಿಕೊಂಡೇವಿ. ಹೊಸದು ಹಾಡಬೇಕಂದವರು ಒಂದು ತಿಂಗಳು ಕಾದರೆ ಸಾಕು.

ಇದು ಏಳನೇ ಇಯತ್ತೆ ಕಲಿತವನ ಬರಹ. ತಪ್ಪಿದ್ದರೆ ಗುರುಗಳು, ಹಿರಿಯರು ತಿದ್ದಬೇಕು. ತಿದ್ದಿದವರು ನನಗೂ ಒಂದು ಮಾತು ತಿಳಿಸಬೇಕು.