ಎಲೆಯ ಲೆಕ್ಕ

12ನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದ ಪ್ರಸಂಗ ಭಕ್ತರಿಗೆಲ್ಲ ತಿಳಿದದ್ದೇ. ಮದುವೆಯ ಅಡುಗೆಮನೆಯಲ್ಲಿ ನಿಂತು ನೆನೆದರೆ ಆ ಪ್ರಸಂಗ ಇನ್ನಷ್ಟು ಹತ್ತಿರವಾಗುತ್ತದೆ.

ದಾವಣಗೆರೆಯ ಕಡೆಯ ಅಡುಗೆಯ ಗುತ್ತಿಗೆದಾರರೊಬ್ಬರು ಒಂದು ವೈಶಾಖದಲ್ಲಿ 500 ಎಲೆಯ ಊಟಕ್ಕೆ ಒಪ್ಪಿಕೊಂಡಿದ್ದರು. ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಕೋಸಂಬರಿ ಎಂದೆಲ್ಲ ಮಾತಾಗಿತ್ತು. ಮದುವೆಯ ಹಿಂದಿನ ರಾತ್ರಿ ಹೆಣ್ಣಿನ ತಂದೆ ಬೀಗರ ಎದುರಿನಲ್ಲಿಯೇ, ಹೋಳಿಗೆಯೂ ಆಗಬೇಕೆಂದು ಅಪ್ಪಣೆ ಮಾಡಿದರು. ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ ನೆನೆಯಿಡುವ ಕೆಲಸ ಬಾಯಿಮಾತಿನಷ್ಟು ಸುಲಭವೇ? ಆದರೂ ಗುತ್ತಿಗೆದಾರರು ಅಲ್ಲಿ ಬೆಲೆಯ ಮಾತೆತ್ತಲಿಲ್ಲ. ಬೀಗರ ಮುಂದೆ ಮಾನ ಹೋದವರು ಅನಂತರ ಯಾವ ಮಾತಿಗೂ ಒಪ್ಪುವುದಿಲ್ಲವೆಂಬುದನ್ನು ಅವರು ಬಲ್ಲರು. ಬೀಗರು ಮಲಗಲು ಹೋದ ಮೇಲೆ ಹುಡುಗಿಯ ಸೋದರಮಾವನನ್ನು ಬದಿಗೆ ಕರೆದು, ಹೋಳಿಗೆಯ ದರವನ್ನು ಪುಸ್ತಕದಲ್ಲಿ ಬರೆದು ತೋರಿಸಿದರು.

ಮರುದಿನ ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಬಂದವರಿಗೆ ಇಲ್ಲವೆನ್ನುವುದುಂಟೇ! ಸಂಜೆ, ಚಪ್ಪರ ಬಿಚ್ಚುವ ಹೊತ್ತಿಗೆ, ಬಿಚ್ಚಿದ ಎಲೆಯ ಕಟ್ಟುಗಳ ಲೆಕ್ಕ 640ಕ್ಕೆ ನಿಂತಿತು. ತಂದೆ ಸಿಡಿದೆದ್ದರು. ಇದು ಮೋಸವೆಂದರು, ನಾಲ್ಕು ಜನ ಕೇಳುವಂತೆ ಅಂದರು. ಮಗಳನ್ನು ಕಳುಹಿಸಿಕೊಟ್ಟು ಇನ್ನೂ ಗಂಟೆಯಾಗಿರಲಿಲ್ಲ. ಅಂತಹ ಸಿಟ್ಟಿನ ಹಿಂದೆ ಸಾಲದ ಭಯವೂ ಇರುವುದುಂಟು.

ಗುತ್ತಿಗೆದಾರರಿಗೂ ಕೋಪ ಬಂದಿತು. ಆಳುಗಳ ಕೂಲಿ ಅಂದೇ ಕೊಡಬೇಕಿತ್ತು. ಆದರೆ ಉತ್ತರ ಕೊಡುವ ಮೊದಲು ಅವರು ಒಳಗೆ ಹೋಗಿ ಕಟ್ಟುಗಳನ್ನು ಮತ್ತೊಮ್ಮೆ ನೋಡಿದರು. ಹರಿದು ಬಿಸಾಡಿದ ಎಲೆಗಳು 17. ತಮ್ಮ ಆಳುಗಳೇ ಉಂಡ ಎಲೆಗಳು 24. ಅವೂ ಲೆಕ್ಕದಲ್ಲಿ ಸೇರಿಹೋಗಿದ್ದವು. ಯಾರೂ ಕಂಡಿರಲಿಲ್ಲ, ಕೇಳುವವರೂ ಇರಲಿಲ್ಲ. ಹೊರಗೆ ಬಂದು, ತಮ್ಮ ತಪ್ಪೆಂದು ಎಲ್ಲರೆದುರಿಗೇ ಹೇಳಿ, ಆ 41ನ್ನು ಹೊಡೆದುಹಾಕಿದರು. ಮಿಕ್ಕ 99 ಎಲೆಗಳ ಹಣದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಬಿಡಲಿಲ್ಲ.

ತಂದೆಯವರ ಮುಖ ಅರಳಲಿಲ್ಲ. ಆದರೆ ದನಿ ಇಳಿಯಿತು. ಎಲೆಯ ಹಣ ಆ ರಾತ್ರಿಯೇ ಬಂದಿತು. ಹೋಳಿಗೆಯ ಹಣ ಬರಲು ಶ್ರಾವಣವಾಯಿತು.