ಡ್ರೈ ಅಂದ್ರೆ ಒಣಗಿದ್ದಲ್ಲ

ವೈನ್ ಬಾಟಲಿ ಮೇಲೆ ‘ಡ್ರೈ’ ಅಂತ ಇದ್ದರೆ, ಸಿಹಿ ಇಲ್ಲ ಅಂತ ಅರ್ಥ. ದ್ರಾಕ್ಷಿ ರಸದ ಸಕ್ಕರೆಯನ್ನ ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿರುತ್ತೆ. ಲೀಟರಿಗೆ 4 ಗ್ರಾಂ ಸಕ್ಕರೆ ಉಳಿದರೂ ಅದು ಡ್ರೈ ವೈನೇ. ನಮ್ಮ ಕ್ಯಾಂಟೀನ್ ಟೀ ಜೊತೆ ಹೋಲಿಸಬೇಡಿ, ಪ್ಲೀಸ್.

ಇದನ್ನೆಲ್ಲ ಹೇಳಿದ್ದು ನನ್ನ ಚಿಕ್ಕಪ್ಪ. ಕಾಸ್ಟ್ಲಿ ಬಾಟಲಿ ಬೇಕಾಗಿಲ್ಲ ಅಂತಾರೆ ಅವರು. ನಂದಿ ಬೆಟ್ಟದ ಕಡೆಯ ಸೊವಿನ್ಯೋನ್ ಬ್ಲಾಂಕ್ ಸಾಕು, ಚೆನ್ನಾಗಿ ತಣ್ಣಗಿರಬೇಕು, ಜೊತೆಗೆ ಬಂಗುಡೆ ಫ್ರೈ. ನನಗಿನ್ನೂ 19, ಹಾಗಾಗಿ ನನ್ನ ಪಾಲಿಗೆ ಬಂದಿದ್ದು ಫ್ರೈ ಮತ್ತು ಘಮ. ನಿಂಬೆ ಸಿಪ್ಪೆ, ಆಗಷ್ಟೇ ಕತ್ತರಿಸಿದ ಹುಲ್ಲು, ಆ ಥರ. ಮೀನಿಗೆ ನಿಂಬೆ ಹಿಂಡ್ತೀವಲ್ಲ, ಇದರದ್ದೂ ಅದೇ ಕೆಲಸ. ಬಾಯಲ್ಲಿ ಉಳಿದ ಎಣ್ಣೆಜಿಡ್ಡನ್ನ ಹುಳಿ ತೊಳೆದ ಹಾಗೆ ಮಾಡುತ್ತಂತೆ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಸಿಡ್. ಹುಣಸೆಹಣ್ಣಿನದೂ ಅದೇ! ಅಮ್ಮನ ಮೀನು ಸಾರಿನಲ್ಲಿ ಇಷ್ಟು ವರ್ಷ ಇದ್ದಿದ್ದೂ ಅದೇ.

ನಮ್ಮನೇಲಿ ಬಾಟಲಿ ಅಂದ್ರೆ ಪೇಪರ್ ಸುತ್ತಿ ಬೀರು ಹಿಂದೆ ಇಡೋ ವಸ್ತು. ಅಪ್ಪ ಊಟಕ್ಕೆ ಮುಂಚೆ ಒಬ್ಬರೇ ಟೆರೇಸಿಗೆ ಹೋಗ್ತಾರೆ, ಕೆಳಗೆ ಬಂದ ಮೇಲೆ ಯಾರ ಹತ್ತಿರಾನೂ ಮಾತಾಡಲ್ಲ. ಚಿಕ್ಕಪ್ಪನ ಮನೇಲಿ ಅದು ಉಪ್ಪಿನಕಾಯಿ ಪಕ್ಕದಲ್ಲೇ ನಿಂತಿತ್ತು. ದೊಡ್ಡವರಿಗೆ ಒಂದೊಂದು ಲೋಟ, ಉಳಿದದ್ದು ಮುಚ್ಚಿ ಫ್ರಿಜ್ಜಿಗೆ. ಅವತ್ತು ಅಪ್ಪನೂ ಇದ್ದರು. ಒಂದು ಗುಟುಕು ಕುಡಿದು, “ಇದೇನೋ, ಬರೀ ಹುಳಿ” ಅಂದರು. ಆಮೇಲೆ ಬಂಗುಡೆ ಮುಳ್ಳು ಬಿಡಿಸುತ್ತಾ, ಚಿಕ್ಕವರಿದ್ದಾಗ ಅಣ್ಣ ತಮ್ಮ ಇಬ್ಬರೂ ಸ್ಕೂಲ್ ತಪ್ಪಿಸಿ ಹೊಳೆಗೆ ಗಾಳ ಹಾಕಿ ಕೂರುತ್ತಿದ್ದ ಕಥೆ ಶುರು ಮಾಡಿದರು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ.