ಮೂರು ಕಾಸಿನ ಹಾಡು

ಪೋಲೆಂಡಿಗೆ ಹೋಗಿ ಬಂದವರ ಬರಹ ಯಾವುದನ್ನೇ ಓದಿ, ಒಂದು ಮಾತು ತಪ್ಪದೆ ಸಿಗುತ್ತದೆ. ಅದು ಶೊಪೆನ್‌ನ ನಾಡು ಅಂತ. ಊರೂರು ಸುತ್ತಿ ಬರೆದು ಹೊಟ್ಟೆ ಹೊರೆಯುವುದು ನಮ್ಮ ಕಸುಬು. ವರ್ಷಗಟ್ಟಲೆ ಅಲ್ಲಿಗೆ ಹೋಗಿ ಬಂದು, ಬಾಡಿಗೆ ಕೋಣೆಗಳಲ್ಲಿ ದಿನ ತಳ್ಳಿ, ಆ ಪಿಯಾನೋ ಸಂಗೀತ ನಮ್ಮ ಬದುಕಿಗೇ ಅಂಟಿಕೊಂಡುಬಿಟ್ಟಿದೆ. ವಾರ್ಸಾದ ವಿಮಾನ ನಿಲ್ದಾಣಕ್ಕೆ ಶೊಪೆನ್‌ನ ಹೆಸರು. ಅಲ್ಲಿನ ಪವಿತ್ರ ಶಿಲುಬೆಯ ಚರ್ಚಿನ ಕಂಬದೊಳಗೆ ಅವನ ಹೃದಯ. 1849ರಲ್ಲಿ ಪ್ಯಾರಿಸಿನಲ್ಲಿ ಸತ್ತಾಗ ದೇಹ ಅಲ್ಲೇ ಮಣ್ಣಾಯಿತು, ಹೃದಯವನ್ನು ಮಾತ್ರ ಅಕ್ಕ ಲುದ್ವಿಕಾ ಊರಿಗೆ ತಂದಳು. ಇದನ್ನೆಲ್ಲ ಬರೆಯೋದು ಸುಲಭ, ಓದೋರಿಗೂ ಇಷ್ಟ. ಆದರೆ ಆ ಸಂಗೀತ ಯಾರ ಬಾಯಿಂದ ಬಂತು ಅಂತ ಕೇಳೋರು ಕಮ್ಮಿ. ನಮಗೆ ಕೇಳಬೇಕು ಅನ್ನಿಸಿದ್ದು ಅದು.

ಶೊಪೆನ್ ಹುಟ್ಟಿದ್ದು 1810ರಲ್ಲಿ, ವಾರ್ಸಾದ ಪಶ್ಚಿಮಕ್ಕಿರುವ ಝೆಲಝೋವಾ ವೋಲಾ ಅನ್ನೋ ಹಳ್ಳಿಯಲ್ಲಿ. ಸ್ಕಾರ್ಬೆಕ್ ಎಂಬ ಜಮೀನ್ದಾರಿ ಮನೆತನದ ಹಿತ್ತಿಲ ಮನೆ ಅದು. ಅಪ್ಪ ಫ್ರಾನ್ಸಿನಿಂದ ಬಂದು ಆ ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಈಗ ಅದು ಮ್ಯೂಸಿಯಂ. ಬಿಳಿ ಗೋಡೆ, ಸುತ್ತ ತೋಟ, ಒಳಗಿಂದ ಪಿಯಾನೋ. ಅಲ್ಲಿ ನಿಂತಾಗ ನಮ್ಮ ಕಣ್ಣು ತೋಟ ದಾಟಿ ಹೊಲದ ಕಡೆ ಹೋಯಿತು. ಉಳುತ್ತಿದ್ದೋರು ಯಾರು?

ಉಳುತ್ತಿದ್ದೋರು ಬಿಟ್ಟಿ ಚಾಕರಿಯ ರೈತರು. ಪೋಲಿಷ್ ಭಾಷೆಯಲ್ಲಿ ಅದಕ್ಕೆ ಪಾನ್‌ಶ್ಚಿಜ್ನಾ ಅಂತಾರೆ. 'ಪಾನ್' ಅಂದರೆ ಒಡೆಯ. ವಾರದಲ್ಲಿ ಇಷ್ಟು ದಿನ ಒಡೆಯನ ಹೊಲದಲ್ಲಿ ಕೂಲಿ ಇಲ್ಲದೆ ದುಡಿಯಬೇಕು, ಉಳಿದ ದಿನದಲ್ಲಿ ತನ್ನ ಹೊಟ್ಟೆಪಾಡು. 1807ರ ಕಾನೂನು ರೈತ ಸ್ವತಂತ್ರ ಅಂದಿತು, ನೆಲ ಮಾತ್ರ ಒಡೆಯನ ಹತ್ತಿರವೇ ಉಳಿಯಿತು. ಕಾಲಿನ ಬೇಡಿ ಬಿಚ್ಚುವಾಗ ಮೆಟ್ಟನ್ನೂ ಬಿಚ್ಚಿಕೊಂಡರು ಅನ್ನೋ ಮಾತು ಅಲ್ಲಿ ಹುಟ್ಟಿದ್ದು ಇದರಿಂದಲೇ. ರಷ್ಯಾದ ಕೈಯಲ್ಲಿದ್ದ ಭಾಗದಲ್ಲಿ ನೆಲ ರೈತನ ಕೈಗೆ ಬಂದಿದ್ದು 1864ರಲ್ಲಿ. ಅದನ್ನು ಕೊಟ್ಟವನು ಜಾರ್ ದೊರೆ. ದಂಗೆ ಎದ್ದಿದ್ದ ಪೋಲಿಷ್ ಜಮೀನ್ದಾರರಿಂದ ರೈತರನ್ನು ಒಡೆಯೋದು ಅವನ ಲೆಕ್ಕ.

ರೈತನಿಗೆ ಒಡೆಯರು ಇಟ್ಟ ಹೆಸರು 'ಹಾಮ್'. ಬೈಬಲ್ಲಿನ ನೋಹನ ಮಗ ಹಾಮ್, ತನ್ನ ಸಂತಾನಕ್ಕೆ ಶಾಪ ತಂದವನು. ಒಡೆಯರು ಯಾಫೆತನ ಸಂತಾನವಂತೆ, ರೈತರು ಹಾಮನ ಸಂತಾನವಂತೆ. ಹುಟ್ಟಿನ ಮೇಲು ಕೀಳನ್ನು ಧರ್ಮಗ್ರಂಥದಿಂದ ತೆಗೆದು ತೋರಿಸೋ ವಿದ್ಯೆ ಎಂಥದು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಪೋಲೆಂಡಿನಲ್ಲಿ ಬಸ್ ಡ್ರೈವರನ್ನೂ ಮಂತ್ರಿಯನ್ನೂ 'ಪಾನ್' ಅಂತಲೇ ಕರೀತಾರೆ. 'ಹಾಮ್' ಮಾತ್ರ ಇನ್ನೂ ಬೈಗುಳವಾಗಿಯೇ ಇದೆ.

ಈಗ ಹಾಡಿನ ಮಾತಿಗೆ ಬರೋಣ. 1824ರ ಬೇಸಿಗೆ ರಜೆ. ಹದಿನಾಲ್ಕು ವರ್ಷದ ಶೊಪೆನ್ ಶಾಲೆಯ ಗೆಳೆಯನ ಮನೆಯವರ ಶಫಾರ್ನ್ಯಾ ಹಳ್ಳಿಗೆ ಹೋಗಿದ್ದ. ಅಲ್ಲಿಂದ ಮನೆಗೆ ಕಾಗದ ಬರೆಯುವಾಗ ತಮಾಷೆಗೆ ಒಂದು ಪತ್ರಿಕೆಯ ರೂಪ ಕೊಟ್ಟು, ತನಗೆ 'ಪಿಶೋನ್' ಅಂತ ಹೆಸರಿಟ್ಟುಕೊಂಡು ಸುದ್ದಿ ಬರೆಯುತ್ತಿದ್ದ. ಅದರಲ್ಲಿ ಒಂದು ಸುದ್ದಿ ಇದೆ. ನೆಶಾವಾ ಅನ್ನೋ ಊರು ಹಾಯುವಾಗ ಬೇಲಿಯ ಮೇಲೆ ಕೂತು ಹಾಡುವ ಹಳ್ಳಿಯ 'ಕತಲಾನಿ'ಯನ್ನು ಕಂಡನಂತೆ. ಧಾಟಿ ಹಿಡಿಸಿತು, ಪದ ತಿಳಿಯಲಿಲ್ಲ. ಬೇಲಿ ಪಕ್ಕ ಎರಡು ಸಲ ಹಾದುಹೋದರೂ ತಿಳಿಯಲಿಲ್ಲ. ಕೊನೆಗೆ ಮೂರು ಗ್ರೋಷ್ ಕೊಡ್ತೀನಿ, ಇನ್ನೊಂದು ಸಲ ಹಾಡು ಅಂದ. ಅವಳು ಮುಖ ತಿರುವಿದಳು, ಬಿಗುಮಾನ ಮಾಡಿದಳು, ಕಡೆಗೆ ಕಾಸಿಗೆ ಒಪ್ಪಿ ಹಾಡಿದಳು. ಹಾಡಿದ್ದು ಒಂದು ಪುಟ್ಟ ಮಜುರ್ಕಾ.

ಮೂವತ್ತು ಗ್ರೋಷ್‌ಗೆ ಒಂದು ಝ್ಲೋತಿ ಆಗುತ್ತಿದ್ದ ಕಾಲ ಅದು. ಮೂರು ಗ್ರೋಷ್ ಅಂದರೆ ಝ್ಲೋತಿಯ ಹತ್ತನೇ ಒಂದು ಪಾಲು. ಕತಲಾನಿ ಅನ್ನೋದು ಆ ಕಾಲದ ಯುರೋಪಿನ ಹೆಸರಾಂತ ಗಾಯಕಿಯ ಹೆಸರು. 1820ರಲ್ಲಿ ಆಕೆ ವಾರ್ಸಾಕ್ಕೆ ಬಂದಾಗ ಇನ್ನೂ ಹತ್ತು ವರ್ಷ ತುಂಬದ ಹುಡುಗ ಶೊಪೆನ್ ನುಡಿಸಿದ್ದು ಕೇಳಿ ಚಿನ್ನದ ಗಡಿಯಾರ ಕೊಟ್ಟಿದ್ದಳು. ಆ ಗಡಿಯಾರದ ಕಥೆ ಅವನ ಜೀವನ ಚರಿತ್ರೆಗಳಲ್ಲೆಲ್ಲ ಇದೆ. ಬೇಲಿ ಮೇಲಿನವಳ ಹೆಸರು ಆ ಸುದ್ದಿಯಲ್ಲೂ ಇಲ್ಲ.

ಶೊಪೆನ್ ಬರೆದ ಮಜುರ್ಕಾಗಳು ಐವತ್ತಕ್ಕೂ ಮೇಲೆ. ಮಜುರ್ಕಾದ ಬೇರು ಹಳ್ಳಿಯ ಮೂರು ಕುಣಿತಗಳಲ್ಲಿದೆ. ಮಜುರ್, ನಿಧಾನದ ಕುಯಾವ್ಯಾಕ್, ಗಿರಗಿರ ಸುತ್ತುವ ಒಬೆರೆಕ್. ಮೂರು ಪೆಟ್ಟಿನ ಲಯ, ಒತ್ತು ಮಾತ್ರ ಮೊದಲ ಪೆಟ್ಟು ಬಿಟ್ಟು ಎರಡಕ್ಕೋ ಮೂರಕ್ಕೋ ಜಿಗೀತದೆ. ನೆಲಕ್ಕೆ ಕಾಲು ಕುಟ್ಟಿ ಕುಣಿಯೋರ ಲಯ ಅದು. ಚಾರ್ಲ್ಸ್ ಹಾಲೆ ಅನ್ನೋ ಪಿಯಾನೋಗಾರ ಪ್ಯಾರಿಸಿನಲ್ಲಿ ಶೊಪೆನ್ ನುಡಿಸಿದ್ದು ಕೇಳಿ, ನೀವು ನುಡಿಸೋದು ಮೂರಲ್ಲ, ನಾಲ್ಕು ಪೆಟ್ಟು ಅಂತ ಎಣಿಸಿ ತೋರಿಸಿದನಂತೆ. ಶೊಪೆನ್ ನಕ್ಕು, ಅದು ನಮ್ಮ ನಾಡಿನ ಗುಣ ಅಂದನಂತೆ. ಕೆಲವು ಮಜುರ್ಕಾಗಳಲ್ಲಿ ಎಡಗೈ ಒಂದೇ ಸ್ವರಜೋಡಿಯನ್ನು ಹಿಡಿದು ಬಿಡೋದೇ ಇಲ್ಲ. ಅದು ಹಳ್ಳಿಯ ಚೀಲವಾದ್ಯದ ಶ್ರುತಿ. ಪ್ಯಾರಿಸಿನ ಶ್ರೀಮಂತರ ಪಡಸಾಲೆಯಲ್ಲಿ ಕೂತವರು ಕೇಳಿದ್ದು ಹಾಮನ ಮಕ್ಕಳ ಕುಣಿತವನ್ನೇ.

ಹಾಗಾದರೆ ಪಿಯಾನೋ ಒಡೆಯರ ಪೆಟ್ಟಿಗೆ, ಅತ್ತ ತಳ್ಳಿ ಅನ್ನಬೇಕೆ? ಅಷ್ಟು ಸಲೀಸಲ್ಲ. ಅದನ್ನು ತಳ್ಳಿದವರು ಯಾರು ಅಂತಲೂ ನೋಡಬೇಕು. 1863ರ ದಂಗೆಯಲ್ಲಿ ವಾರ್ಸಾದ ಒಂದು ಅರಮನೆಯಿಂದ ರಷ್ಯಾದ ಅಧಿಕಾರಿಯ ಮೇಲೆ ಬಾಂಬ್ ಬಿತ್ತು. ಸೈನಿಕರು ನುಗ್ಗಿ, ಶೊಪೆನ್ ಬಿಟ್ಟುಹೋಗಿದ್ದ ಪಿಯಾನೋವನ್ನು ಕಿಟಕಿಯಿಂದ ಬೀದಿಗೆ ಎಸೆದರು. 1940ರ ಮೇ 31ರಂದು ನಾಜಿಗಳು ವಾಝೆಂಕಿ ಉದ್ಯಾನದಲ್ಲಿದ್ದ ಅವನ ಪ್ರತಿಮೆಯನ್ನು ಸಿಡಿಸಿದರು. ಅದನ್ನು ಮತ್ತೆ ನಿಲ್ಲಿಸಿದ್ದು 1958ರಲ್ಲಿ. ಮರುವರ್ಷದಿಂದ ಬೇಸಿಗೆಯ ಭಾನುವಾರಗಳಲ್ಲಿ ಅದರ ಬುಡದಲ್ಲಿ ಪಿಯಾನೋ ಕಚೇರಿ ನಡೆಯುತ್ತಾ ಬಂದಿದೆ. ಟಿಕೆಟ್ ಇಲ್ಲ. ನಾವು ಎಷ್ಟೋ ಭಾನುವಾರ ಆ ಹುಲ್ಲಿನ ಮೇಲೆ ಕೂತಿದ್ದೇವೆ. ಬುತ್ತಿ ಬಿಚ್ಚಿಕೊಂಡ ಮುದುಕಿಯರು, ಕೂಸು ಮಲಗಿಸುವ ತಾಯಂದಿರು, ಯಾರೂ ಯಾರನ್ನೂ ಏಳು ಅನ್ನೋದಿಲ್ಲ. ಸಂಗೀತ ಇರಬೇಕಾದ್ದು ಹೀಗೇ.

ಆದರೆ 'ನಾಡಿನ ಗುಣ' ಅನ್ನೋ ಮಾತಿನಲ್ಲಿ ಒಂದು ಬಿರುಕಿದೆ. ಯಾರ ನಾಡು? 1846ರಲ್ಲಿ ಶೊಪೆನ್ ಪ್ಯಾರಿಸಿನಲ್ಲಿದ್ದಾಗ, ಆಸ್ಟ್ರಿಯಾದ ಕೈಯಲ್ಲಿದ್ದ ಗಲಿಷಿಯಾದಲ್ಲಿ ಜಮೀನ್ದಾರರು ದೇಶದ ಬಿಡುಗಡೆಗೆ ದಂಗೆ ಹೂಡಿದರು. ರೈತರು ಅವರ ಜೊತೆ ಸೇರಲಿಲ್ಲ, ಅವರ ಬಂಗಲೆಗಳಿಗೇ ನುಗ್ಗಿದರು. ಸುಮಾರು ಸಾವಿರ ಜನ ಸತ್ತರು. ಆ ಕೊಲೆಗಳನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಬೆನ್ನಿಗೆ ಚಾಟಿ ಬಿದ್ದವನಿಗೆ ಒಡೆಯನ ದೇಶಭಕ್ತಿ ಹೇಗೆ ಕಂಡಿರಬೇಕು ಅಂತ ಯೋಚಿಸಬೇಕು. ಪೋಲೆಂಡಿನವರೇ ಈಗ ಯೋಚಿಸುತ್ತಿದ್ದಾರೆ. 2020ರಲ್ಲಿ ಆಡಂ ಲೆಶ್ಚಿನ್ಸ್ಕಿ, 2021ರಲ್ಲಿ ಕಾತ್ಸ್ಪೆರ್ ಪೊಬ್ವೊಟ್ಸ್ಕಿ ಬರೆದ ಪುಸ್ತಕಗಳು ನಾಡಿನ ಚರಿತ್ರೆಯನ್ನು ಬಿಟ್ಟಿ ದುಡಿದವರ ಕಡೆಯಿಂದ ಹೇಳಿದವು. ಅಜ್ಜ ಮುತ್ತಜ್ಜ ಉತ್ತವರೇ ಆದರೂ ಗೋಡೆಗೆ ಜಮೀನ್ದಾರಿ ಬಂಗಲೆಯ ಚಿತ್ರ ತೂಗುಹಾಕಿದ ಮನೆಗಳನ್ನು ನಾವು ಅಲ್ಲಿ ಕಂಡಿದ್ದೇವೆ. ಈ ಪುಸ್ತಕಗಳು ಅಂಥ ಮನೆಗಳ ಒಳಗೂ ಹೋಗಿವೆ.

ಶಾಲೆಯ ಮಕ್ಕಳಿಗೆ ಶೊಪೆನ್ ಕೇಳಿಸುವ ಮೇಷ್ಟರಿದ್ದರೆ ಕೇಳಿಸಲಿ. ಒಳ್ಳೆಯ ಸಂಗೀತ ಅದು. ಒಂದು ಮಜುರ್ಕಾ ಹಾಕಿ, ಎಡಗೈ ಕಡೆ ಕಿವಿ ಕೊಡಿ ಅನ್ನಲಿ. ಅವಳು ಹಾಡು ಎತ್ತಿದ್ದು ಯಾರನ್ನೂ ಮೆಚ್ಚಿಸೋಕೆ ಅಲ್ಲ, ಎರಡನೇ ಸಲ ಹಾಡೋಕೆ ಬಿಗುಮಾನ ಮಾಡಿದಳು, ಬೆಲೆ ಕೇಳಿಯೇ ಹಾಡಿದಳು ಅನ್ನೋದನ್ನೂ ಹೇಳಲಿ. ಶೊಪೆನ್ ಮೂರು ಕಾಸಾದರೂ ಕೊಟ್ಟ. ಅವನ ಹೆಸರಿನಲ್ಲಿ ಬರೆದು ಉಣ್ಣುವ ನಮ್ಮಂಥ ಪ್ರವಾಸಿ ಲೇಖಕರು ಅವಳಿಗೆ ಒಂದು ಸಾಲನ್ನಾದರೂ ಕೊಡಬೇಕು.